ಕಿಟ್ಟೆಲರು ಕಾಯ್ದಿಟ್ಟ ಎರಡಕ್ಷರ

ಕನ್ನಡದ ನುಡಿಸೇವಕರನ್ನು ನೆನೆವಾಗ ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲರ ಹೆಸರನ್ನು ನಾನು ಮೊದಲ ಸಾಲಿನಲ್ಲಿಯೇ ಇಡುತ್ತೇನೆ. 1832ರಲ್ಲಿ ಜರ್ಮನಿಯ ಪಾದ್ರಿಯೊಬ್ಬರ ಮನೆಯಲ್ಲಿ ಜನಿಸಿದ ಅವರು 1853ರಲ್ಲಿ ಬಾಸೆಲ್ ಮಿಶನ್ನಿನ ವತಿಯಿಂದ ಭಾರತಕ್ಕೆ ಬಂದು ನಮ್ಮ ಧಾರವಾಡವನ್ನು ಸೇರಿದರು. ಮತಪ್ರಸಾರಕ್ಕೆಂದು ಬಂದವರನ್ನು ಕನ್ನಡವು ತನ್ನವರನ್ನಾಗಿ ಮಾಡಿಕೊಂಡಿತು.

1872ರಲ್ಲಿ ಅವರು ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿ ಪ್ರಕಟಿಸಿದರು. ಱ, ೞ ಎಂಬ ಅಕ್ಷರಗಳುಳ್ಳ ಶಬ್ದಗಳನ್ನು ಕೇಶಿರಾಜನು ಅಲ್ಲಿ ಆಯ್ದು ಹೇಳಿದ್ದನು. ಕಿಟ್ಟೆಲರ ಕಾಲಕ್ಕೆ ಆ ಅಕ್ಷರಗಳು ಬಳಕೆಯಿಂದ ಜಾರಿ ಎಷ್ಟೋ ಕಾಲ ಸಂದಿತ್ತು. ಆದರೂ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ, ಸುಮಾರು 70,000 ಶಬ್ದಗಳ ತಮ್ಮ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಅವರು ಅವೆರಡನ್ನೂ ಕೈಬಿಡಲಿಲ್ಲ. ಬಾೞ್ ಎಂದರೆ ಜೀವಿಸು, ಬಾಳ್ ಎಂದರೆ ಕತ್ತಿ; ಅಱಿ ಎಂದರೆ ತಿಳಿ, ಅರಿ ಎಂದರೆ ಕತ್ತರಿಸು. ಅಕ್ಷರಭೇದವಳಿದರೆ ಬದುಕಿಗೂ ಕತ್ತಿಗೂ ಒಂದೇ ರೂಪ!

1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಅವರ ಕನ್ನಡ ವ್ಯಾಕರಣವು ಹೊರಬಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಟ್ಯೂಬಿಂಗೆನ್ನಿನಲ್ಲಿಯೇ ಅವರು ತೀರಿಕೊಂಡರು.

ಪಂಪನನ್ನು ಓದಹೊರಟು ಈ ಶಬ್ದಗಳಲ್ಲಿ ಎಡವುವ ವಿದ್ಯಾರ್ಥಿಗೆ ನಾನು ಇಂದಿಗೂ ತೋರಿಸುವುದು ಕಿಟ್ಟೆಲರ ನಿಘಂಟನ್ನೇ.