ಡಾ. ವಿಕ್ರಮ ಸಾರಾಭಾಯಿ

ಹಿರಿಯ ಕಾರ್ಯಗಳಿಗೆ ಬುದ್ಧಿಯೊಂದೇ ಸಾಲದು. ಬೊಕ್ಕಸದ ಹಣವೂ ಬೇಕು, ಅದನ್ನು ಕೊಡಲು ಆಳುವವರಿಗೆ ಮನಸ್ಸೂ ಬರಬೇಕು. ಈ ಮಾತಿಗೆ ಡಾ. ವಿಕ್ರಮ ಸಾರಾಭಾಯಿ ಅವರ ಬಾಳು ಒಳ್ಳೆಯ ನಿದರ್ಶನ.

1919ನೆಯ ಆಗಸ್ಟ್ 12ರಂದು ಅಹಮದಾಬಾದಿನ ಗಿರಣಿ ಒಡೆಯರ ಮನೆತನದಲ್ಲಿ ಜನಿಸಿದ ಇವರು ಕೇಂಬ್ರಿಜ್‌ನಲ್ಲಿ ವ್ಯಾಸಂಗ ಮಾಡಿದರು. ಮಹಾಯುದ್ಧದ ಕಾಲದಲ್ಲಿ ಸ್ವದೇಶಕ್ಕೆ ಮರಳಿ, ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸರ್ ಸಿ. ವಿ. ರಾಮನ್ ಅವರ ಬಳಿ ವಿಶ್ವಕಿರಣಗಳ ಸಂಶೋಧನೆ ಕೈಗೊಂಡರು. ಆ ಕಿರಣಗಳ ಜಾಡು ಹಿಡಿದು ಬೇರೆ ವಿಜ್ಞಾನಿಗಳು ನಮ್ಮ ಕೋಲಾರದ ಚಿನ್ನದ ಗಣಿಯ ಆಳಕ್ಕಿಳಿದರು. ಸಾರಾಭಾಯಿ ಅವರು ಆಕಾಶದತ್ತ ಮುಖಮಾಡಿದರು.

1947ರಲ್ಲಿ ಅಹಮದಾಬಾದಿನಲ್ಲಿ ಭೌತ ಸಂಶೋಧನಾಲಯವನ್ನು ಸ್ಥಾಪಿಸಿದರು. 1962ರಲ್ಲಿ ಡಾ. ಹೋಮಿ ಭಾಭಾ ಅವರ ಬೆಂಬಲದಿಂದಲೂ ಪ್ರಧಾನಿ ನೆಹರೂ ಅವರ ಒಪ್ಪಿಗೆಯಿಂದಲೂ ಬಾಹ್ಯಾಕಾಶ ಸಂಶೋಧನಾ ಸಮಿತಿ ರಚಿತವಾಗಿ, ಸಾರಾಭಾಯಿ ಅವರೇ ಅದರ ಅಧ್ಯಕ್ಷರಾದರು. ಕೇರಳದ ತುಂಬಾ ಎಂಬ ಬೆಸ್ತರ ಹಳ್ಳಿಯ ಜನ ತಮ್ಮ ಇಗರ್ಜಿಯನ್ನೇ ಈ ಕಾರ್ಯಕ್ಕೆ ಬಿಟ್ಟುಕೊಟ್ಟರು. 1963ನೆಯ ನವೆಂಬರ್ 21ರಂದು ಅಲ್ಲಿಂದ ಮೊದಲ ರಾಕೆಟ್ಟು ಮೇಲೇರಿತು. ಅದು ಅಮೆರಿಕ ಕೊಟ್ಟ ರಾಕೆಟ್ಟು.

ರಷ್ಯದ ಗಗಾರಿನ್ 1961ರಲ್ಲಿಯೇ ಭೂಮಿಯನ್ನು ಸುತ್ತಿ ಬಂದಿದ್ದರು; 1969ರಲ್ಲಿ ಅಮೆರಿಕನ್ನರು ಚಂದ್ರನ ಮೇಲೆ ಕಾಲಿಟ್ಟರು. ಇತ್ತ ಭಾರತವಾದರೋ 1965-66ರ ಬರದಲ್ಲಿ ಹೊರಗಿನಿಂದ ಬರುವ ಗೋಧಿಯನ್ನು ಕಾಯುತ್ತಿತ್ತು. ಇಂಥ ನಾಡಿಗೆ ಆಕಾಶದ ಗೊಡವೆ ಏಕೆಂದು ಕೇಳಿದವರುಂಟು. ಮನುಷ್ಯನನ್ನು ಗ್ರಹಗಳಿಗೆ ಕಳುಹಿಸುವ ಪೈಪೋಟಿ ನಮಗೆ ಬೇಡ; ಹಳ್ಳಿಗೆ ಪಾಠವನ್ನೂ ರೈತನಿಗೆ ಹವೆಯ ಸುದ್ದಿಯನ್ನೂ ಮುಟ್ಟಿಸಲು ಉಪಗ್ರಹ ಬೇಕು ಎಂಬುದು ಸಾರಾಭಾಯಿ ಅವರ ನಿಲುವಾಗಿತ್ತು. ಸಿರಿವಂತರ ಮನೆಯಲ್ಲಿ ಹುಟ್ಟಿದವರಾದರೂ ಬಡ ದೇಶದ ಹಣದ ಬೆಲೆ ಅವರಿಗೆ ತಿಳಿದಿತ್ತು. 1969ನೆಯ ಆಗಸ್ಟ್ 15ರಂದು ಇಸ್ರೋ ಸಂಸ್ಥೆ ಹುಟ್ಟಿತು.

1971ನೆಯ ಡಿಸೆಂಬರ್ 30ರಂದು, ಐವತ್ತೆರಡರ ವಯಸ್ಸಿನಲ್ಲಿ, ಅವರು ಕೋವಳಂನಲ್ಲಿ ನಿಧನರಾದರು. ಅವರ ಶಿಷ್ಯರಾದ ಕನ್ನಡಿಗ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ಸಿದ್ಧವಾದ ಆರ್ಯಭಟ ಉಪಗ್ರಹ 1975ರಲ್ಲಿ ಕಕ್ಷೆ ಸೇರಿತು. ಅದೇ ವರ್ಷದಿಂದ ಒಂದು ವರ್ಷ ಕಾಲ ಅಮೆರಿಕದ ಉಪಗ್ರಹವೊಂದರ ಮೂಲಕ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಪಾಠಗಳು ತಲುಪಿದವು. ನಮ್ಮ ರಾಯಚೂರು, ಬಿಜಾಪುರ, ಗುಲ್ಬರ್ಗ ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿದ್ದವು.

2018ರಲ್ಲಿ ಕೇಂದ್ರ ಸಂಪುಟವು ಮಾನವಸಹಿತ ಗಗನಯಾನಕ್ಕೆ 10,000 ಕೋಟಿ ರೂಪಾಯಿಗಳ ಮಿತಿಯಲ್ಲಿ ಒಪ್ಪಿಗೆ ನೀಡಿತು. ಸಾರಾಭಾಯಿ ಅವರು ಬದಿಗಿರಿಸಿದ್ದ ಕನಸಿಗೆ ಅರ್ಧ ಶತಮಾನದ ಬಳಿಕ ಹಣ ದೊರೆಯಿತು. ಶ್ರೀನಿವಾಸಪುರದ ಮಾವಿನ ತೋಪಿನವನೂ ಮುಳಬಾಗಿಲಿನ ರಾಗಿ ಹೊಲದವನೂ ಇಂದು ಮಳೆಯ ಮುನ್ಸೂಚನೆ ಕೇಳುವಾಗ ಉಪಗ್ರಹದ ಫಲವನ್ನು ಉಣ್ಣುತ್ತಾರೆ. ಅವರ ತೆರಿಗೆಯ ಕಾಸೂ ಗಗನಯಾತ್ರಿಯ ಪಯಣದಲ್ಲಿ ಸೇರಿದೆ. ಆ ಕಾಸಿಗೆ ಲೆಕ್ಕ ಹೇಳಬೇಕೆಂಬ ಎಚ್ಚರವೇ ಸಾರಾಭಾಯಿ ಅವರು ವಿಜ್ಞಾನಿಗಳಿಗೂ ಆಳುವವರಿಗೂ ಬಿಟ್ಟುಹೋದ ಆಸ್ತಿ.