ಕುದುರೆಮುಖದ ಅಡಿಯಲ್ಲಿ ಜ್ವಾಲಾಮುಖಿ ಮಲಗಿದೆಯೇ? ಕಲ್ಲು ಓದಿದ ಬ್ರೂಸ್ ಫೂಟ್ ಕಥೆ

ಬಾಬಾಬುಡನ್‌ಗಿರಿ ಸಾಲು ಕುದುರೆಲಾಳದ ಆಕಾರದಲ್ಲಿದೆ, ಅದು ಜ್ವಾಲಾಮುಖಿಯ ಬಾಯಿ, ಕುದುರೆಮುಖವೂ ಅಂಥದ್ದೇ, ಯಾವತ್ತಾದರೂ ಸಿಡಿಯಬಹುದು ಎಂಬ ಮಾತನ್ನು ನೀವೂ ಕೇಳಿರಬಹುದು. ಮಳೆಗಾಲದಲ್ಲಿ ಕಳಸದ ಸುತ್ತ ಗುಡ್ಡದೊಳಗಿಂದ ಸದ್ದು ಬಂದರಂತೂ ಭಯ ಇನ್ನೂ ಹೆಚ್ಚು. ನೇರವಾಗಿ ಹೇಳುತ್ತೇವೆ: ಇಲ್ಲಿ ಜೀವಂತ ಜ್ವಾಲಾಮುಖಿ ಇಲ್ಲ, ಮಲಗಿರುವುದೂ ಇಲ್ಲ. ಆದರೆ ಮಾತು ಪೂರ್ತಿ ಸುಳ್ಳಲ್ಲ. ಈ ಬೆಟ್ಟಗಳ ಕಲ್ಲಿನಲ್ಲಿ ಹಳೆಯ ಲಾವಾ ಇದೆ. ಅದು ತಣ್ಣಗಾಗಿ ಸುಮಾರು 270 ಕೋಟಿ ವರ್ಷ ದಾಟಿದೆ.

ಈ ಕಲ್ಲುಗಳನ್ನು ಬೇರೆಯಾಗಿ ಗುರುತಿಸಿ ಹೆಸರು ಕೊಟ್ಟವರು ರಾಬರ್ಟ್ ಬ್ರೂಸ್ ಫೂಟ್. 1834ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಇವರು 1858ರಲ್ಲಿ ಭಾರತದ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೆ ಸೇರಿದರು. 1863ರ ಮೇ 30ರಂದು ಮದರಾಸಿನ ಬಳಿ ಪಲ್ಲಾವರಂನಲ್ಲಿ ಅವರ ಕೈಗೆ ಸಿಕ್ಕ ಕಲ್ಲು ಸಾಮಾನ್ಯದ್ದಲ್ಲ, ಶಿಲಾಯುಗದ ಮನುಷ್ಯ ಕೆತ್ತಿದ ಆಯುಧ. ಭಾರತದ ಪ್ರಾಗಿತಿಹಾಸದ ಅಧ್ಯಯನ ಅಲ್ಲಿಂದ ಶುರುವಾಯಿತು ಎನ್ನುತ್ತಾರೆ. ನಮಗೆ ಅದಕ್ಕಿಂತ ಸೋಜಿಗ ಎನಿಸಿದ್ದು ಗೋಕಾಕದ ಸಮೀಪ ಸಿಕ್ಕ ಘೇಂಡಾಮೃಗದ ಪಳೆಯುಳಿಕೆ. ಅದರ ವಿವರಣೆಯನ್ನು ಫೂಟ್ 1874ರಲ್ಲಿ ಪ್ರಕಟಿಸಿದರು. ಬೆಳಗಾವಿ ಸೀಮೆಯಲ್ಲಿ ಘೇಂಡಾಮೃಗ ಓಡಾಡುತ್ತಿತ್ತು!

1880ರ ದಶಕದಲ್ಲಿ ಅವರು ಚಿನ್ನದ ಜಾಡು ಹಿಡಿದು ಧಾರವಾಡ, ಬಳ್ಳಾರಿ, ಮೈಸೂರು ಸೀಮೆ ಸುತ್ತಿದರು. ಗ್ರಾನೈಟಿನಂಥ ಬಿಳಿಚು ಕಲ್ಲಿನ ನಡುವೆ ಪಟ್ಟಿಪಟ್ಟಿಯಾಗಿ ಕಪ್ಪು, ಹಸಿರು ಛಾಯೆಯ ಕಲ್ಲು ಹಬ್ಬಿರುವುದನ್ನು ಕಂಡು, ಇದೇ ಬೇರೆ ಗುಂಪು ಎಂದು ತೀರ್ಮಾನಿಸಿ, ಧಾರವಾಡ ವ್ಯವಸ್ಥೆ ಎಂದು ಹೆಸರಿಟ್ಟರು. ಬಾಬಾಬುಡನ್ ಸಾಲು, ಕುದುರೆಮುಖ ಎರಡೂ ಈ ಗುಂಪಿಗೇ ಸೇರುತ್ತವೆ. ಲಾವಾ, ಮರಳು, ಕಬ್ಬಿಣದ ಕೆಸರು ಪದರಪದರವಾಗಿ ಕೂತು, ಒತ್ತಡಕ್ಕೆ ಮಡಚಿಕೊಂಡು, ಮೆದು ಭಾಗ ಸವೆದು ಗಟ್ಟಿ ಭಾಗ ಅಂಚಾಗಿ ಉಳಿದಿದ್ದರಿಂದ ಲಾಳದ ಆಕಾರ ಬಂತು. ಬೆಂಕಿ ಉಗುಳಿದ ಬಾಯಿ ಅದಲ್ಲ.

1894ರಲ್ಲಿ ಮೈಸೂರು ಸಂಸ್ಥಾನ ಭೂವಿಜ್ಞಾನ ಇಲಾಖೆ ತೆರೆದಾಗ ಅದರ ಮೊದಲ ಮುಖ್ಯಸ್ಥರು ಫೂಟ್ ಅವರೇ. 1912ರ ಡಿಸೆಂಬರಿನಲ್ಲಿ ಕಲ್ಕತ್ತದಲ್ಲಿ ತೀರಿಕೊಂಡರು. ಮರುವರ್ಷವೇ ಅದೇ ಇಲಾಖೆಯ ಪಿ. ಸಂಪತ್ ಅಯ್ಯಂಗಾರ್ ಕುದುರೆಮುಖದ ಅದಿರನ್ನು ಪತ್ತೆಹಚ್ಚಿದರು. ಅದಿರಿನ ಗಣಿ 2005ರ ಕೊನೆಗೆ ಸುಪ್ರೀಂ ಕೋರ್ಟ್ ಆದೇಶದಂತೆ ನಿಂತಿತು. ಈಗ ಅಲ್ಲಿ ರಾಷ್ಟ್ರೀಯ ಉದ್ಯಾನವಿದೆ. ಮೇಲೆ ಹುಲ್ಲುಗಾವಲು, ಕಣಿವೆಯ ಸಂದಿಯಲ್ಲಿ ಶೋಲಾ ಕಾಡು, ಕೆಳಗಿನ ದಟ್ಟ ಮಳೆಕಾಡಿನಲ್ಲಿ ಸಿಂಗಳೀಕ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಗಂಗಾಮೂಲವೂ ಈ ಸಾಲಿನಲ್ಲೇ ಇದೆ.

ಹಾಗಾದರೆ ಮಳೆಯಲ್ಲಿ ಕೇಳುವ ಸದ್ದು? ನೀರು ಕುಡಿದು ಭಾರವಾದ ಮಣ್ಣು ಜರುಗುತ್ತಿರಬಹುದು. 2019ರ ಆಗಸ್ಟಿನಲ್ಲಿ ಮೂಡಿಗೆರೆ ಕಡೆ ಗುಡ್ಡ ಕುಸಿದದ್ದು ಮಳೆಗೆ, ಲಾವಾಕ್ಕಲ್ಲ. ಇಳಿಜಾರಿನಲ್ಲಿ ಹೊಸ ಬಿರುಕು, ಒಮ್ಮೆಗೇ ರಾಡಿಯಾದ ಹಳ್ಳದ ನೀರು, ವಾಲಿದ ಮರ ಅಥವಾ ಕರೆಂಟ್ ಕಂಬ ಕಂಡರೆ ಮೊದಲು ಮನೆಯವರನ್ನು ಕರೆದುಕೊಂಡು ಇಳಿಜಾರಿನಿಂದ ದೂರ ಹೋಗಿ. ಮೆಸೇಜ್ ಆಮೇಲೆ ಕಳಿಸಬಹುದು.