ಇನ್ಸುಲಿನ್ನಿನ ಬ್ಯಾಂಟಿಂಗರು

ಮಧುಮೇಹವುಳ್ಳ ಬಾಲಕನಿಗೆ ಸಕ್ಕರೆಯೆಂದರೆ ವಿಷವೆಂಬ ನಂಬಿಕೆ ನಮ್ಮ ಜನರಲ್ಲಿ ಬಲವಾಗಿ ಬೇರೂರಿದೆ. ಇನ್ಸುಲಿನ್ ಚುಚ್ಚಿಸಿಕೊಳ್ಳುವ ಮಕ್ಕಳಿಗೆ ಈ ನಂಬಿಕೆಯೇ ಒಮ್ಮೊಮ್ಮೆ ಪ್ರಾಣಾಂತಿಕವಾಗಬಲ್ಲುದು. ಆ ಔಷಧವನ್ನು ಲೋಕಕ್ಕಿತ್ತ ಸರ್ ಫ್ರೆಡರಿಕ್ ಬ್ಯಾಂಟಿಂಗರ ಚರಿತ್ರೆಯಲ್ಲಿಯೇ ಇದರ ಕಾರಣವೂ ಅಡಗಿದೆ.

ಬ್ಯಾಂಟಿಂಗರು ೧೮೯೧ನೆಯ ನವೆಂಬರ್ ೧೪ರಂದು ಕೆನಡಾ ದೇಶದ ಆಲಿಸ್ಟನ್ನಿನಲ್ಲಿ ಒಕ್ಕಲಿನ ಮನೆತನವೊಂದರಲ್ಲಿ ಜನಿಸಿದರು. ವೈದ್ಯರಾಗಿ ಮೊದಲನೆಯ ಮಹಾಯುದ್ಧಕ್ಕೆ ಹೋಗಿ ಗಾಯಗೊಂಡು ಮರಳಿದರು. ೧೯೨೦ರಲ್ಲಿ ಔಷಧಾಲಯ ತೆರೆದಾಗ ಮೊದಲ ತಿಂಗಳ ಸಂಪಾದನೆ ೪ ಡಾಲರು ಮಾತ್ರ! ಮರುವರ್ಷ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ, ಪ್ರೊಫೆಸರ್ ಮ್ಯಾಕ್ಲಿಯಡ್ಡರ ಪ್ರಯೋಗಾಲಯದಲ್ಲಿ, ವಿದ್ಯಾರ್ಥಿ ಬೆಸ್ಟರೊಡಗೂಡಿ ನಾಯಿಗಳ ಮೇದೋಜೀರಕ ಗ್ರಂಥಿಯಿಂದ ಮಧುಮೇಹ ತಗ್ಗಿಸುವ ಸಾರವನ್ನು ತೆಗೆದರು.

ಅದನ್ನು ಶುದ್ಧಗೊಳಿಸಲು ಬಂದ ರಸಾಯನಜ್ಞ ಕಾಲಿಪ್ಪರು ಸಾರವನ್ನು ಮೊಲಗಳಿಗೆ ಚುಚ್ಚಿ ಪರೀಕ್ಷಿಸುತ್ತಿದ್ದರು. ಸಾರ ಹೆಚ್ಚಾದೊಡನೆ ಮೊಲ ಸೆಟೆದು ಒದ್ದಾಡಿ ಮೂರ್ಛೆಹೋಗುತ್ತಿತ್ತು. ಗ್ಲೂಕೋಸು ಕೊಟ್ಟರೆ ಚೇತರಿಸಿಕೊಳ್ಳುತ್ತಿತ್ತು. ರಕ್ತದ ಸಕ್ಕರೆ ಮಿತಿಮೀರಿ ಇಳಿದುದೇ ಇದರ ಕಾರಣ. ಕಾಯುವ ಔಷಧವೇ ಕೆಡಹಲೂ ಬಲ್ಲುದೆಂಬುದು ಹೀಗೆ ಆರಂಭದಲ್ಲಿಯೇ ತಿಳಿದುಬಂತು.

೧೯೨೨ನೆಯ ಜನವರಿಯಲ್ಲಿ ೧೪ ವಯಸ್ಸಿನ ಲಿಯೊನಾರ್ಡ್ ಥಾಂಪ್ಸನ್ ಎಂಬ ಬಾಲಕನಿಗೆ ಮೊದಲ ಚುಚ್ಚುಮದ್ದು ದೊರೆಯಿತು. ಅದೇ ಆಗಸ್ಟಿನಲ್ಲಿ ಅಮೆರಿಕದ ಮಂತ್ರಿಯೊಬ್ಬರ ಪುತ್ರಿ ಎಲಿಜಬೆತ್ ಹ್ಯೂಸ್ ಬ್ಯಾಂಟಿಂಗರ ಬಳಿಗೆ ಬಂದಳು. ೧೫ ತುಂಬಲಿದ್ದ ಆ ಹುಡುಗಿಯ ತೂಕ ಸುಮಾರು ೨೦ ಕಿಲೋ! ಅದುವರೆಗಿನ ಚಿಕಿತ್ಸೆಯೆಂದರೆ ಅರೆಹೊಟ್ಟೆಯ ಉಪವಾಸವೇ ಆಗಿತ್ತು.

ಇಂದಿಗೂ ಇನ್ಸುಲಿನ್ ಪಡೆದ ಬಾಲಕನು ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ, ಬಹಳ ಆಟವಾಡಿದರೆ, ಇಲ್ಲವೆ ಔಷಧ ಹೆಚ್ಚಾದರೆ, ಆ ಮೊಲದ ಅವಸ್ಥೆಯೇ ಒದಗೀತು. ಸಂಜೆ ಆಡಿದುದರ ಪರಿಣಾಮ ನಡುರಾತ್ರಿಯಲ್ಲಿ ಕಾಣಿಸುವುದೂ ಉಂಟು. ಬೆವರು, ನಡುಕ, ಹಸಿವು, ಕಾರಣವಿಲ್ಲದ ಸಿಡುಕು, ತೊದಲು ಮಾತು ಇದರ ಲಕ್ಷಣಗಳು. ರಕ್ತದ ಸಕ್ಕರೆ ೭೦ ಮಿಲಿಗ್ರಾಮಿಗಿಂತ ಕೆಳಗಿಳಿದರೆ ತಡಮಾಡಲಾಗದು. ದೊಡ್ಡ ಮಕ್ಕಳಿಗೆ ಸುಮಾರು ೧೫ ಗ್ರಾಂ, ಎಂದರೆ ಮೂರು ಚಹಾ ಚಮಚೆ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಚಿಕ್ಕವರಿಗೆ ವೈದ್ಯರು ಹೇಳಿದಷ್ಟು. ೧೫ ನಿಮಿಷದ ಬಳಿಕ ಮತ್ತೆ ಪರೀಕ್ಷಿಸಿ, ಏರದಿದ್ದರೆ ಇನ್ನೊಮ್ಮೆ ಕೊಡಬೇಕು. ಆಮೇಲೆ ಊಟವೋ ತಿಂಡಿಯೋ. ಎಚ್ಚರ ತಪ್ಪಿದವನ ಬಾಯಿಗೆ ಏನನ್ನೂ ಹಾಕಕೂಡದು. ಮಗ್ಗುಲಾಗಿ ಮಲಗಿಸಿ, ಗ್ಲೂಕಗಾನ್ ಚುಚ್ಚುಮದ್ದು ಕೈಯಲ್ಲಿದ್ದರೆ ಕೊಟ್ಟು, ಒಡನೆಯೇ ಆಸ್ಪತ್ರೆಗೆ ಸಾಗಿಸಬೇಕು.

ದುವ್ವಾಡದಲ್ಲಾಗಲಿ ವಿಜಯವಾಡದಲ್ಲಾಗಲಿ, ಹೋಟೆಲಿನಲ್ಲಿ ದುಡಿಯುವ ನಮ್ಮವರ ಮುಂದೆ ಇಂಥ ಹುಡುಗನೊಬ್ಬನು ನಡುಗುತ್ತ ನಿಂತು ಸಕ್ಕರೆ ಕೇಳಿದರೆ, ಗಲ್ಲಾದವರು ಅವನಿಗೆ ಪಥ್ಯ ಬೋಧಿಸದಿರಲಿ. ಮಾಣಿ ಬಿಲ್ಲಿಗೆ ಕಾಯದಿರಲಿ.

ಬ್ಯಾಂಟಿಂಗರಿಗೆ ೧೯೨೩ರಲ್ಲಿ ನೊಬೆಲ್ ಪಾರಿತೋಷಕ ದೊರೆತಾಗ, ತಮ್ಮ ಪಾಲಿನ ಹಣದಲ್ಲಿ ಅರ್ಧವನ್ನು ಬೆಸ್ಟರಿಗೆ ಹಂಚಿಕೊಟ್ಟರು. ಇನ್ಸುಲಿನ್ನಿನ ಹಕ್ಕನ್ನು ಸಂಶೋಧಕರು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ೧೯೪೧ನೆಯ ಫೆಬ್ರವರಿಯಲ್ಲಿ ನ್ಯೂಫೌಂಡ್ಲೆಂಡಿನಲ್ಲಿ ವಿಮಾನವುರುಳಿ ಬ್ಯಾಂಟಿಂಗರು ೪೯ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರು ಬದುಕಿಸಿದ ಎಲಿಜಬೆತ್ ಮದುವೆಯಾಗಿ, ಮಕ್ಕಳನ್ನು ಹೆತ್ತು, ೧೯೮೧ರವರೆಗೆ ಬಾಳಿದರು.